ಮಂಗಳವಾರ ಪ್ರಿಂಟ್ ಆಗಲ್ಲ ಅಂದ್ರೆ ನಂಬ್ತೀರಾ?

ಮಂಗಳವಾರ ಕಟಿಂಗ್ ಮಾಡಿಸಬಾರದು, ಉಗುರು ತೆಗೆಯಬಾರದು, ಹೊಸ ಕೆಲಸಕ್ಕೆ ಕೈ ಹಾಕಬಾರದು ಅಂತ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹೇಳೋದುಂಟು. ಆದರೆ ಮಂಗಳವಾರ ಪ್ರಿಂಟ್ ತೆಗೆಯಬಾರದು ಅಂತ ಯಾವ ಪಂಚಾಂಗದಲ್ಲೂ ಬರೆದಿಲ್ಲ. ಹಾಗಿದ್ದರೂ ಉಬುಂಟು ಬಳಸುತ್ತಿದ್ದ ಒಂದು ಮನೆಯಲ್ಲಿ ಹೆಂಡತಿ ಗಂಡನ ಹತ್ತಿರ ಇದೇ ದೂರು ಹೇಳುತ್ತಿದ್ದರು: 'ಈ ಓಪನ್ ಆಫೀಸ್‌ನಿಂದ ಮಂಗಳವಾರ ಪ್ರಿಂಟ್ ಬರೋದೇ ಇಲ್ಲ.'

ಕೇಳಿದರೆ ನಗು ಬರುತ್ತೆ ಅಲ್ವಾ? ಕಂಪ್ಯೂಟರಿಗೆ ವಾರ ಗೊತ್ತಾ, ತಿಥಿ ಗೊತ್ತಾ? ಆದರೆ ಆ ಗಂಡ ಪರೀಕ್ಷೆ ಮಾಡಿ ನೋಡಿದರು. ಬೇರೆ ದಿನ ಪ್ರಿಂಟ್ ಬಂತು, ಮಂಗಳವಾರ ಬರಲಿಲ್ಲ. ಉಬುಂಟುವಿನ ಬಗ್ ಪಟ್ಟಿಯಲ್ಲಿ 255161 ಎಂಬ ಸಂಖ್ಯೆಯ ಒಂದು ದೂರು ಅದಾಗಲೇ ಇತ್ತು. 2009ರಲ್ಲಿ ಅದರಡಿ ಈ ಮಂಗಳವಾರದ ಸುದ್ದಿ ಸೇರಿಕೊಂಡ ಮೇಲೆ ಗಂಟು ಬಿಚ್ಚಿಕೊಂಡಿತು.

ಆಗಿದ್ದು ಇಷ್ಟು. ಪ್ರಿಂಟರಿಗೆ ಹೋಗುವ ಕಡತದ ಆರಂಭದಲ್ಲಿ ಅದು ತಯಾರಾದ ದಿನ, ದಿನಾಂಕ ಬರೆದಿರುತ್ತದೆ. ಲಿನಕ್ಸ್‌ನಲ್ಲಿ 'ಫೈಲ್' ಅಂತ ಒಂದು ಪುಟ್ಟ ತಂತ್ರಾಂಶ ಇದೆ. ಕಡತದ ಒಳಗೆ ಇಣುಕಿ 'ಇದು ಚಿತ್ರ, ಇದು ಹಾಡು, ಇದು ಪ್ರಿಂಟಿಗೆ ಹೋಗಬೇಕಾದದ್ದು' ಅಂತ ಜಾತಿ ಹೇಳುವುದಷ್ಟೇ ಅದರ ಕೆಲಸ. ಅದರ ನಿಯಮಗಳಲ್ಲಿ ಒಂದು, ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತವನ್ನು ಗುರುತಿಸಲು ಇದ್ದದ್ದು. ಒಂದು ನಿರ್ದಿಷ್ಟ ಜಾಗದಲ್ಲಿ '1991 ಜನವರಿ 22, ಮಂಗಳವಾರ' ಎಂಬ ಸಾಲು ಇಂಗ್ಲಿಷಿನಲ್ಲಿ ಇದ್ದರೆ ಅದು ಎರ್ಲಾಂಗ್ ಕಡತ ಅಂತ ನಿಯಮ. ಆದರೆ ಬರೆಯುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಸರಿಯಾಗಿ ಗುರುತು ಮಾಡಿರಲಿಲ್ಲ. ಹಾಗಾಗಿ ಇಡೀ ಸಾಲಿನ ಬದಲು ಮೊದಲ ಪದವೊಂದೇ ಲೆಕ್ಕಕ್ಕೆ ಬಂತು. ಇಂಗ್ಲಿಷಿನ ಮಂಗಳವಾರದ ಮೊದಲ ಮೂರು ಅಕ್ಷರ, ಟಿ-ಯು-ಇ. ಮಂಗಳವಾರ ತಯಾರಾದ ಪ್ರಿಂಟ್ ಕಡತದಲ್ಲಿ ಅದೇ ಜಾಗಕ್ಕೆ ಅದೇ ಮೂರು ಅಕ್ಷರ ಬಂದು ಕೂತರೆ, 'ಇದು ಎರ್ಲಾಂಗ್, ನನಗೆ ಸಂಬಂಧ ಇಲ್ಲ' ಅಂತ ಪ್ರಿಂಟರಿನ ತಂತ್ರಾಂಶ ಸುಮ್ಮನಾಗುತ್ತಿತ್ತು.

ತಪ್ಪು ಓಪನ್ ಆಫೀಸ್‌ದಲ್ಲ, ಪ್ರಿಂಟರಿಂದೂ ಅಲ್ಲ. ಕೋಡ್ ನೋಡುತ್ತಾ ಕೂತಿದ್ದರೆ ಯಾರಿಗೂ ಇದು ಹೊಳೆಯುತ್ತಿರಲಿಲ್ಲ. ವಾರ ವಾರ ಪ್ರಿಂಟ್ ತೆಗೆಯುತ್ತಿದ್ದ ಒಬ್ಬರಿಗೆ ಹೊಳೆಯಿತು. ಅವರು ಹೇಳಿದ್ದನ್ನು ಇನ್ನೊಬ್ಬರು ತಳ್ಳಿಹಾಕದೆ ಬರೆದಿಟ್ಟರು.

'ನನಗೇ ಬರಲ್ಲ ಬಿಡಿ'

ನಮ್ಮಲ್ಲಿ ಬಹಳ ಜನ ಇಲ್ಲೇ ಎಡವೋದು. ಲ್ಯಾಪ್‌ಟಾಪ್‌ನಲ್ಲಿ ಏನೋ ಒಂದು ಸರಿ ಹೋಗಲಿಲ್ಲ ಅಂದ ತಕ್ಷಣ 'ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ' ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಊರಿಂದ ಅಮ್ಮ ಫೋನ್ ಮಾಡಿ 'ಏನೋ ಆಗೋಯ್ತು ಕಣೋ' ಅಂದರೆ ಮಗ 'ಸರಿಯಾಗಿ ನೋಡಮ್ಮಾ' ಅಂತಾನೆ. ಅಮ್ಮ ಸರಿಯಾಗೇ ನೋಡಿರುತ್ತಾರೆ. ತೆರೆಯ ಮೇಲಿದ್ದ ಮಾತೇ ಅರ್ಥವಾಗುವ ಹಾಗಿರುವುದಿಲ್ಲ.

ಕ್ರ್ಯಾಶ್ ಆದರೆ, ಕಡತ ತೆರೆಯದಿದ್ದರೆ ಅದು ಬಗ್ ಅಂತ ಎಲ್ಲರೂ ಒಪ್ಪುತ್ತಾರೆ. ಎಲ್ಲ ಕೆಲಸ ಮಾಡುತ್ತಿದ್ದೂ ಬಳಸುವವರು ಎಡವುತ್ತಿದ್ದರೆ? ಅದೂ ಬಗ್ಗೇ. ಬಳಕೆಯ ಬಗ್ ಅನ್ನಿ. ಲಿಬ್ರೆ ಆಫೀಸ್, ಥಂಡರ್‌ಬರ್ಡ್‌ನಂಥ ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಇಂಥದ್ದನ್ನೂ ಬರೆದು ಕೊಡಲು ಅವಕಾಶವಿದೆ. ಲಿಬ್ರೆ ಆಫೀಸ್‌ನಲ್ಲಂತೂ ವಿನ್ಯಾಸದ ವಿಷಯವನ್ನೇ ನೋಡುವ ತಂಡವಿದೆ.

ಒಂದು ಉದಾಹರಣೆ. ಎಚ್‌ಆರ್‌ನಿಂದ ವರ್ಡ್ ಕಡತ ಬಂದಿದೆ. ಲಿಬ್ರೆ ಆಫೀಸ್‌ನಲ್ಲಿ ತೆರೆದು ಒಂದು ಕಾಗುಣಿತ ತಿದ್ದಿ ಸೇವ್ ಕೊಟ್ಟಿರಿ. ಕೂಡಲೇ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಈ ರೂಪದಲ್ಲಿ ಉಳಿಸಿದರೆ ಕೆಲವು ಅಂಶ ಉಳಿಯದೇ ಹೋಗಬಹುದು, ವರ್ಡ್ ರೂಪದಲ್ಲೇ ಇಡಲೇ, ಓಡಿಎಫ್ ರೂಪದಲ್ಲಿ ಇಡಲೇ ಅಂತ ಕೇಳುತ್ತದೆ. ಓಡಿಎಫ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಇದು ಬೆದರಿಕೆಯ ಹಾಗೇ ಕೇಳಿಸುತ್ತದೆ. 'ಉಳಿಯದೇ ಹೋಗಬಹುದು' ಅಂದಮೇಲೆ ಯಾರು ತಾನೇ ವರ್ಡ್ ಒತ್ತಿಯಾರು? ಓಡಿಎಫ್ ಒತ್ತುತ್ತಾರೆ. ತಿದ್ದಿದ್ದು ಬೇರೆ ಕಡತದಲ್ಲಿ ಉಳಿಯುತ್ತದೆ, ಮೇಲ್‌ನಲ್ಲಿ ಹಳೆಯದೇ ವಾಪಸ್ ಹೋಗುತ್ತದೆ. ಪ್ರೋಗ್ರಾಮರ್ ದೃಷ್ಟಿಯಲ್ಲಿ ಆ ಪೆಟ್ಟಿಗೆ ಹೇಳಿದ್ದೆಲ್ಲ ನಿಜ. ಬಳಸಿದವರಿಗೆ ಮಾತ್ರ ಸಂಜೆ ಆರಕ್ಕೆ ಎಚ್‌ಆರ್‌ನಿಂದ ಇನ್ನೊಂದು ಫೋನ್.

ಥಂಡರ್‌ಬರ್ಡ್‌ನಲ್ಲಿ ಇಂಥದ್ದೇ ಒಂದು ಪದ 'ಕಾಂಪ್ಯಾಕ್ಟ್'. ಅಲ್ಲಿ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲ್‌ಗಳೆಲ್ಲ ಒಂದೇ ದೊಡ್ಡ ಕಡತದಲ್ಲಿ ಸಾಲಾಗಿ ಕೂತಿರುತ್ತವೆ. ಮೇಲ್ ಡಿಲೀಟ್ ಮಾಡಿದರೆ ಕೂಡಲೇ ಜಾಗ ಖಾಲಿ ಆಗುವುದಿಲ್ಲ, 'ಇದು ಹೋಯ್ತು' ಅಂತ ಗುರುತು ಮಾತ್ರ ಬೀಳುತ್ತದೆ. ಕಾಂಪ್ಯಾಕ್ಟ್ ಮಾಡಿದಾಗಲೇ ಕಸ ನಿಜವಾಗಿ ಆಚೆ ಹೋಗುವುದು. ಆದರೆ 'ಕಾಂಪ್ಯಾಕ್ಟ್ ಮಾಡಲೇ?' ಅಂತ ಕೇಳಿದಾಗ, ಇರೋ ಮೇಲೆಲ್ಲ ಹೋದರೆ ಕಷ್ಟ ಅಂತ ಹೆದರಿ ಬೇಡ ಅನ್ನುವವರು ಬಹಳ. ಆಮೇಲೆ ಡಿಸ್ಕ್ ತುಂಬಿತು ಅಂತ ಗೋಳು. ಇಲ್ಲಿ ತಪ್ಪಿರುವುದು ಕೋಡ್ ಅಲ್ಲ, ಮಾತು. ಮಾತನ್ನು ತಿದ್ದೋದಕ್ಕೆ ಮೊದಲು ಅದು ಯಾರಿಗೆ ಹೇಗೆ ಕೇಳಿಸಿತು ಅಂತ ಗೊತ್ತಾಗಬೇಕು.

ಹಾಗಂತ ಇವರು ಬಳಸುವವರ ಮನಸ್ಸನ್ನು ಅರಿತೇ ಇಲ್ಲ ಅನ್ನೋ ಹಾಗಿಲ್ಲ. 'ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ' ಅಂತ ಬರೆದು ಏನನ್ನೂ ಲಗತ್ತಿಸದೆ ಕಳಿಸುವುದು ಆಫೀಸುಗಳಲ್ಲಿ ನಿತ್ಯದ ಕಥೆ. ಥಂಡರ್‌ಬರ್ಡ್ 2009ರಲ್ಲಿ ಬಂದ 3ನೇ ಆವೃತ್ತಿಯಲ್ಲೇ ಇದಕ್ಕೆ ಜ್ಞಾಪಿಸುವ ವ್ಯವಸ್ಥೆ ಮಾಡಿತು. ಪತ್ರದಲ್ಲಿ 'ಅಟ್ಯಾಚ್‌ಮೆಂಟ್' ಥರದ ಪದ ಇದ್ದು ಕಡತ ಇಲ್ಲದಿದ್ದರೆ ಅದು ಕೇಳುತ್ತದೆ. ತಪ್ಪು ಮನುಷ್ಯನದ್ದು, ಆದರೂ ತಂತ್ರಾಂಶ ಅದನ್ನು ತನ್ನ ಮೇಲೆ ಹಾಕಿಕೊಂಡಿತು. ಈ ಪದಗಳ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಇದೆ, ನಮ್ಮ ಪದವನ್ನೂ ಸೇರಿಸಬಹುದು. 'ಲಗತ್ತು' ಸೇರಿಸಿ ನೋಡಿ. ಜೊತೆಗೆ ಇನ್ನೊಂದು ಪ್ರಯೋಗ ಮಾಡಿ: ಪತ್ರದಲ್ಲಿ 'ಲಗತ್ತಿಸಿದ್ದೇನೆ' ಅಂತಲೋ 'ಲಗತ್ತಿನಲ್ಲಿ' ಅಂತಲೋ ಬರೆದಾಗ ಅದಕ್ಕೆ ತಿಳಿಯುತ್ತದಾ? ಕನ್ನಡದಲ್ಲಿ ಪದಕ್ಕೆ ಬಾಲ ಬೆಳೆಯುತ್ತಾ ಹೋಗುತ್ತದೆ, ಇಂಗ್ಲಿಷಿನಲ್ಲಿ ಅಷ್ಟಿಲ್ಲ. ತಿಳಿಯದಿದ್ದರೆ ನಿಮ್ಮ ಮೊದಲ ವರದಿಗೆ ವಿಷಯ ಸಿಕ್ಕಿತು ಅಂತಲೇ ಅರ್ಥ.

ಬರೆಯೋದು ಹೇಗೆ?

ಥಂಡರ್‌ಬರ್ಡ್‌ದು, ಲಿಬ್ರೆ ಆಫೀಸ್‌ದು ಎರಡೂ ಬಗ್ ಪಟ್ಟಿಗಳು ಇರುವುದು ಬಗ್‌ಜಿಲ್ಲಾ ಎಂಬ ವ್ಯವಸ್ಥೆಯಲ್ಲಿ. ಇದು 1998ರಿಂದ ಇರುವ ಹಳೆ ಕುಳ. ನೋಟಕ್ಕೂ ಹಾಗೇ ಇದೆ. ಬಳಕೆಯ ತೊಡಕನ್ನು ದಾಖಲಿಸುವ ಜಾಗವೇ ಹೊಸಬರಿಗೆ ತೊಡಕು ಅನ್ನೋದು ಒಂದು ತಮಾಷೆ. ಹೆದರಬೇಡಿ. ಒಂದು ಇಮೇಲ್ ಕೊಟ್ಟು ಖಾತೆ ಮಾಡಿಕೊಂಡರೆ ಸಾಕು. ಲಾಗಿನ್ ಆದ ಬೇರೆಯವರಿಗೆ ನಿಮ್ಮ ವಿಳಾಸ ಕಾಣುವ ಸಾಧ್ಯತೆ ಇರುವುದರಿಂದ ಆಫೀಸಿನ ಐಡಿ ಬಿಟ್ಟು ಬೇರೆಯದನ್ನು ಕೊಡುವುದು ಒಳ್ಳೆಯದು.

ಆಮೇಲೆ ಹುಡುಕಿ. ನಿಮಗೆ ಆಗಿದ್ದು ಇನ್ನೊಬ್ಬರಿಗೂ ಆಗಿರುತ್ತದೆ. ಸಿಕ್ಕರೆ ಹೊಸದು ಬರೆಯಬೇಡಿ, ಅದರಡಿ ನಿಮ್ಮ ಮಾಹಿತಿ ಸೇರಿಸಿ. 'ನನಗೂ ಹೀಗೇ ಆಗ್ತಿದೆ, ಬೇಗ ಸರಿ ಮಾಡಿ' ಅನ್ನೋದು ಮಾಹಿತಿ ಅಲ್ಲ. ಆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಮೇಲ್ ಹೋಗುತ್ತದೆ ಅಷ್ಟೆ. 'ವಿಂಡೋಸ್ 11ರಲ್ಲೂ ಆಗುತ್ತಿದೆ, ಹಿಂದಿನ ಆವೃತ್ತಿಯಲ್ಲಿ ಆಗುತ್ತಿರಲಿಲ್ಲ' ಅನ್ನೋದು ಮಾಹಿತಿ.

ಹೊಸದೇ ಬರೆಯಬೇಕು ಅಂದರೆ ಮೂರು ಪ್ರಶ್ನೆಗೆ ಉತ್ತರ ಕೊಡಿ. ಏನೇನು ಮಾಡಿದಿರಿ? ಏನಾಗುತ್ತೆ ಅಂದುಕೊಂಡಿದ್ದಿರಿ? ಏನಾಯಿತು? ಅಡುಗೆ ಹೇಳಿಕೊಡುವ ಹಾಗೆ ಕ್ರಮವಾಗಿ ಹೇಳಿದರೆ ಸಾಕು. 'ಚೆನ್ನಾಗಿ ಹುರಿದು' ಅಂದರೆ ಹೊಸಬರಿಗೆ ಏನೂ ತಿಳಿಯಲ್ಲ, 'ಕಡಲೆಬೇಳೆ ಕೆಂಪಾಗುವವರೆಗೆ' ಅಂದರೆ ತಿಳಿಯುತ್ತದೆ. ಮೇಲಿನ ಎಚ್‌ಆರ್ ಕಡತದ ಪ್ರಸಂಗವನ್ನೇ ತಗೊಳ್ಳಿ. ಬಹಳ ಜನ ಬರೆಯುವುದು ಹೀಗೆ:

'ಸೇವ್ ಮಾಡುವಾಗ ಬರುವ ಪೆಟ್ಟಿಗೆ ತುಂಬ ಕೆಟ್ಟದಾಗಿದೆ. ಯಾರು ಇದನ್ನೆಲ್ಲ ಮಾಡ್ತಾರೋ! ವರ್ಡ್‌ನಲ್ಲಿ ಹೀಗಿಲ್ಲ.'

ಇದನ್ನು ಓದಿದ ವ್ಯಕ್ತಿ ಏನು ಮಾಡಬೇಕು? ಅದೇ ಪ್ರಸಂಗವನ್ನು ಹೀಗೂ ಬರೆಯಬಹುದು:

'ವರ್ಡ್‌ನಲ್ಲಿ ಮಾಡಿದ ಕಡತವನ್ನು ರೈಟರ್‌ನಲ್ಲಿ ತೆರೆದು ಒಂದು ಪದ ತಿದ್ದಿದೆ. ಕಂಟ್ರೋಲ್-ಎಸ್ ಒತ್ತಿದೆ. ರೂಪ ಯಾವುದಿರಲಿ ಎಂದು ಪೆಟ್ಟಿಗೆ ಕೇಳಿತು. ಓಡಿಎಫ್ ಏನೆಂದು ತಿಳಿದಿರಲಿಲ್ಲ. ಮಾಹಿತಿ ಕಳೆದುಹೋಗಬಹುದು ಎಂಬ ಮಾತು ನೋಡಿ ಓಡಿಎಫ್ ಸುರಕ್ಷಿತ ಎಂದುಕೊಂಡು ಅದನ್ನೇ ಒತ್ತಿದೆ. ಅದೇ ಕಡತ ತಿದ್ದುಪಡಿಯೊಂದಿಗೆ ಉಳಿಯುತ್ತದೆ ಎಂದುಕೊಂಡಿದ್ದೆ. ತಿದ್ದುಪಡಿ ಬೇರೆ ಕಡತದಲ್ಲಿತ್ತು, ಮೂಲ ಕಡತ ಹಾಗೇ ಇತ್ತು. ಎರಡು ಕಡತ ಆಗುತ್ತದೆ ಎಂದು ಪೆಟ್ಟಿಗೆಯಲ್ಲಿ ಎಲ್ಲೂ ಕಾಣಲಿಲ್ಲ.'

ಇಲ್ಲಿ 'ಅಂದುಕೊಂಡು', 'ತಿಳಿದಿರಲಿಲ್ಲ', 'ಕಾಣಲಿಲ್ಲ' ಅನ್ನುವ ಮಾತುಗಳೇ ಮುಖ್ಯ. ಕ್ರ್ಯಾಶ್ ಆದಾಗ ಕಂಪ್ಯೂಟರ್ ಏನು ಮಾಡಿತು ಅಂತ ಬರೆದರೆ ಮುಗಿಯಿತು. ಬಳಕೆಯ ಬಗ್‌ನಲ್ಲಿ ಮನುಷ್ಯನ ತಲೆಯಲ್ಲಿ ಏನು ಓಡಿತು ಅನ್ನೋದೂ ಬೇಕು. ಮೊದಲು ಯಾವ ಮೆನು ನೋಡಿದಿರಿ, ಆ ಬಟನ್ ಏನು ಮಾಡುತ್ತೆ ಅಂದುಕೊಂಡಿರಿ, ಕೊನೆಗೆ ಹೇಗೆ ದಾರಿ ಸಿಕ್ಕಿತು, ಎಲ್ಲ ಬರೆಯಿರಿ. ಅಮ್ಮನೋ ಅತ್ತೆಯೋ ಬಳಸುವಾಗ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರೆ ಇನ್ನೂ ಒಳ್ಳೆಯದು. ಬಾಯಿ ಹಾಕಬಾರದು, ಮೌಸ್ ಕಿತ್ತುಕೊಳ್ಳಬಾರದು. ಹತ್ತು ನಿಮಿಷ ಹಾಗೆ ಕೂರೋದು ಎಷ್ಟು ಕಷ್ಟ ಅಂತ ಕೂತಾಗಲೇ ಗೊತ್ತಾಗೋದು.

ಪರಿಹಾರ ಸೂಚಿಸಬೇಕು ಅಂತೇನಿಲ್ಲ. ಸೂಚಿಸಿದರೂ ಕೊನೆಗೆ ಸೂಚಿಸಿ. 'ಇಲ್ಲಿ ಹಸಿರು ಬಟನ್ ಇಡಿ' ಅಂತಲೇ ಶುರು ಮಾಡಿದರೆ ಚರ್ಚೆ ಬಣ್ಣದ ಸುತ್ತ ಗಿರಕಿ ಹೊಡೆಯುತ್ತೆ, ಮೂಲ ತೊಂದರೆ ಮೂಲೆ ಸೇರುತ್ತೆ. ಒಂದು ವರದಿಯಲ್ಲಿ ಒಂದೇ ವಿಷಯ ಇರಲಿ. ಐದು ದೂರನ್ನು ಒಂದೇ ಮೂಟೆ ಕಟ್ಟಿ ಕೊಟ್ಟರೆ ನಾಲ್ಕು ಸರಿಯಾದ ಮೇಲೂ ಅದು ಮುಚ್ಚಲ್ಲ, ಯಾರೂ ಕೈ ಹಾಕಲ್ಲ.

ಆವೃತ್ತಿ ಸಂಖ್ಯೆ ಮರೆಯಬೇಡಿ. ಎರಡರಲ್ಲೂ ಹೆಲ್ಪ್ ಮೆನುವಿನ 'ಅಬೌಟ್'ನಲ್ಲಿ ಸಿಗುತ್ತದೆ. ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹೆಲ್ಪ್ ಮೆನುವಿನಲ್ಲೇ ಲಿಬ್ರೆ ಆಫೀಸ್‌ಗೆ 'ಸೇಫ್ ಮೋಡ್', ಥಂಡರ್‌ಬರ್ಡ್‌ಗೆ 'ಟ್ರಬಲ್‌ಶೂಟ್ ಮೋಡ್' ಅಂತ ಇದೆ. ಆ್ಯಡ್-ಆನ್‌ಗಳನ್ನೆಲ್ಲ ಬದಿಗಿಟ್ಟು ಬರಿಮೈಯಲ್ಲಿ ಶುರುವಾಗುವ ರೂಪ ಅದು. ಅಲ್ಲಿ ತೊಂದರೆ ಮಾಯವಾದರೆ ಕಳ್ಳ ನಿಮ್ಮ ಆ್ಯಡ್-ಆನ್ ಅಥವಾ ಸೆಟ್ಟಿಂಗ್.

ಇಂಗ್ಲಿಷ್ ಚೆನ್ನಾಗಿ ಬರಬೇಕಾ ಅಂತ ಕೇಳಬಹುದು. ವರದಿ ಇಂಗ್ಲಿಷಿನಲ್ಲಿ ಇದ್ದರೆ ಕೆಲಸ ಸುಲಭ. ಆದರೆ ಆಚೆ ಬದಿಯಲ್ಲಿ ಓದುವ ಜರ್ಮನ್, ಫ್ರೆಂಚ್, ಜಪಾನಿ ಜನಕ್ಕೂ ಅದು ಕಲಿತ ಭಾಷೆಯೇ. ಚಿಕ್ಕ ಚಿಕ್ಕ ವಾಕ್ಯ, ಒಂದು ಸ್ಕ್ರೀನ್‌ಶಾಟ್, ಆದರೆ ಅರ್ಧ ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್, ಇಷ್ಟಿದ್ದರೆ ವ್ಯಾಕರಣವನ್ನು ಯಾರೂ ಕೇಳಲ್ಲ.

'ಕನ್ನಡ ಸರಿಯಾಗಿ ಬರ್ತಿಲ್ಲ' ಅಂದ್ರೆ ಸಾಲದು

ಇಂಗ್ಲಿಷ್ ಬಳಸುವವರಿಗೆ ಬರುವ ತೊಂದರೆ ನಾವು ಬರೆಯದಿದ್ದರೆ ಇನ್ಯಾರೋ ಬರೆಯುತ್ತಾರೆ. ಕನ್ನಡದ್ದು ಹಾಗಲ್ಲ. ಬರ್ಲಿನ್‌ನಲ್ಲಿ ಕೂತ ಡೆವಲಪರ್‌ಗೆ ನಮ್ಮ ಅಕ್ಷರ ಸರಿಯಿದ್ದರೂ ಮುದ್ದಾಗಿ ಗುಂಡಗೆ ಕಾಣುತ್ತದೆ, ತಪ್ಪಿದ್ದರೂ ಮುದ್ದಾಗಿ ಗುಂಡಗೇ ಕಾಣುತ್ತದೆ. ಒತ್ತಕ್ಷರ ಜಾರಿ ಪಕ್ಕಕ್ಕೆ ಬಿದ್ದಿದ್ದು ನೋಡಿದರೆ ಅವರ ಕಣ್ಣಿಗೆ ಚುಚ್ಚಲ್ಲ, ನಮಗೆ ಚುಚ್ಚುತ್ತೆ. ಆದ್ದರಿಂದ ಏನು ಕೆಟ್ಟಿದೆ ಅಂತ ಬಿಡಿಸಿ ಹೇಳುವ ಹೊಣೆಯೂ ನಮ್ಮದೇ. ತೆರೆಯ ಮೇಲೆ ಕನ್ನಡ ಕೆಡುವುದರಲ್ಲೂ ಬೇರೆ ಬೇರೆ ಥರ ಇದೆ.

ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಕಂಡರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ, ಬದಲಿ ಫಾಂಟೂ ಸಿಕ್ಕಿಲ್ಲ ಅಂತ. ಚುಕ್ಕಿಗಳಿಂದ ಮಾಡಿದ ವೃತ್ತದ ಪಕ್ಕ ಒಂದು ಕೊಂಬೋ ದೀರ್ಘವೋ ನೇತಾಡುತ್ತಿದ್ದರೆ, ಆ ಗುಣಿತದ ಚಿಹ್ನೆಗೆ ಆಸರೆಯಾಗಬೇಕಿದ್ದ ವ್ಯಂಜನ ಕಾಣೆಯಾಗಿದೆ ಅಥವಾ ಕ್ರಮ ತಪ್ಪಿದೆ. ಒತ್ತಕ್ಷರ ಕೂಡಿಕೊಳ್ಳದೆ 'ಕ', ವಿರಾಮ, 'ತ' ಅಂತ ಬಿಡಿಬಿಡಿಯಾಗಿ ನಿಂತಿದ್ದರೆ ಅಕ್ಷರ ಜೋಡಿಸುವ ಎಂಜಿನ್‌ನದ್ದೋ ಫಾಂಟ್‌ನದ್ದೋ ತೊಂದರೆ.

ಮೇಲ್‌ನಲ್ಲಿ ಇನ್ನೊಂದು ಥರ ಕಾಣಸಿಗುತ್ತದೆ. ಇಡೀ ಪತ್ರದಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಸಣ್ಣ 'ಎ', ಪಕ್ಕದಲ್ಲಿ ಪುಟಾಣಿ 2 ಅಥವಾ 3, ಮತ್ತೆ ಅದೇ 'ಎ', ಮತ್ತೆ 2. ಇದನ್ನು ನೋಡಿದ ಕೂಡಲೇ ಗೊತ್ತಾಗುವ ಸಂಗತಿ ಏನೆಂದರೆ ಪತ್ರ ಹಾಳಾಗಿಲ್ಲ, ಓದುತ್ತಿರುವ ಕ್ರಮ ತಪ್ಪಿದೆ. ಯುನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದನ್ನು ಹಳೆಯ ಪಾಶ್ಚಾತ್ಯ ಸಂಕೇತ ಪದ್ಧತಿಯಂತೆ ಓದಿದಾಗ ಮೊದಲ ಬೈಟ್ ಗೀಟಿನ 'ಎ' ಆಗುತ್ತದೆ, ಎರಡನೆಯದು ಪುಟಾಣಿ 2 ಅಥವಾ 3. ಇಷ್ಟು ಬರೆದು ಸ್ಕ್ರೀನ್‌ಶಾಟ್ ಕೊಟ್ಟರೆ ಕನ್ನಡ ಬಾರದ ಡೆವಲಪರ್‌ಗೂ ರೋಗ ಗೊತ್ತಾಗಿಬಿಡುತ್ತದೆ.

ಇದೇ ಥರ ಕಾಣುವ ಆದರೆ ಬೇರೆಯೇ ಆದ ಇನ್ನೊಂದಿದೆ. ತೆರೆದ ಕಡತದ ತುಂಬ ಇಂಗ್ಲಿಷ್ ಅಕ್ಷರ, ಗೀಟಿನ ದೊಡ್ಡ 'ಎ', ನಡುನಡುವೆ ಬ್ರಿಟಿಷರ ಪೌಂಡ್ ಚಿಹ್ನೆ. ಅದು ಹಳೆಯ ನುಡಿ ಫಾಂಟಿನ ಕಡತ, ಪೌಂಡ್ ಅಲ್ಲಿ 'ನ'ಕಾರ. ಆ ಫಾಂಟ್ ಹಾಕಿಕೊಂಡರೆ ಓದಬಹುದು, ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಇನ್ನೂ ಕ್ಷೇಮ. ಇದು ಲಿಬ್ರೆ ಆಫೀಸ್‌ನ ತಪ್ಪಲ್ಲ, ವರದಿ ಮಾಡಿ ಪ್ರಯೋಜನವಿಲ್ಲ.

'ರ‍್ಯಾಂಕ್' ಪದದ ಕಥೆಯೂ ಹೇಳಲೇಬೇಕು. ಸೂರ್ಯ, ಕಾರ್ಯ ಬರೆಯುವ ಹಾಗೆ ರ, ವಿರಾಮ, ಯ ಒತ್ತಿದರೆ ಅರ್ಕಾವೊತ್ತು ಬರುತ್ತದೆ, ಅದು ಸರಿಯೇ. ಆದರೆ ರ‍್ಯಾಂಕ್, ರ‍್ಯಾಲಿ ಅಂತ ರಕಾರಕ್ಕೇ ಯ ಒತ್ತು ಕೊಡಬೇಕು ಅಂದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು. ಈಗ ನೋಡಿ, ಇಬ್ಬರು ಬೇರೆ ಬೇರೆ ಕೀಬೋರ್ಡ್‌ನಲ್ಲಿ ಬರೆದ ವರದಿಯನ್ನು ಒಟ್ಟು ಮಾಡಿದ್ದೀರಿ. ಒಬ್ಬರು ಜೋಡಕ ಹಾಕಿದ್ದಾರೆ, ಇನ್ನೊಬ್ಬರು ಹಾಕಿಲ್ಲ. 'ರ‍್ಯಾಲಿ' ಅಂತ ಹುಡುಕಿದರೆ ಅರ್ಧ ಕಡೆ ಸಿಗದೇ ಹೋಗಬಹುದು. ಹಾಗೇ 'ಸ್ತ್ರೀ'. ನಮಗೆ ಅದು ಒಂದಕ್ಷರ, ಒಳಗೆ 6 ಸಂಕೇತ. ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಎಷ್ಟು ಹೋಗಬೇಕು? ದೀರ್ಘ ಮಾತ್ರವಾ, ಇಡೀ ಅಕ್ಷರವಾ? ನನ್ನ ಮಟ್ಟಿಗೆ ಬ್ಯಾಕ್‌ಸ್ಪೇಸ್‌ಗೆ ಒಂದೊಂದೇ ಹೋಗುವುದು ಅನುಕೂಲ, ಒಂದು ಕೊಂಬು ತಪ್ಪಿದ್ದಕ್ಕೆ ಇಡೀ ಒತ್ತಕ್ಷರ ಮತ್ತೆ ಕುಟ್ಟಬೇಕಿಲ್ಲ. ನಿಮಗೆ ಬೇರೆ ಅನ್ನಿಸಬಹುದು. ಇಂಥದ್ದನ್ನು ಕನ್ನಡ ಟೈಪ್ ಮಾಡುವವರು ಮಾತಾಡಿ ಹೇಳದಿದ್ದರೆ ಟೈಪ್ ಮಾಡದವರು ತೀರ್ಮಾನ ಮಾಡುತ್ತಾರೆ.

ಲಿಬ್ರೆ ಆಫೀಸ್‌ನಲ್ಲಿ ಕನ್ನಡಿಗರನ್ನು ಹೆಚ್ಚು ಸತಾಯಿಸುವುದು ಬಹುಶಃ ಫಾಂಟ್‌ನ ಬೇರೆ ಬೇರೆ ಖಾನೆಗಳು. ಅದರ ಲೆಕ್ಕದಲ್ಲಿ ಇಂಗ್ಲಿಷ್ 'ಪಾಶ್ಚಾತ್ಯ', ಚೀನಿ-ಜಪಾನಿ 'ಏಷ್ಯನ್', ಕನ್ನಡ, ಹಿಂದಿ, ಅರೇಬಿಕ್ ಎಲ್ಲ 'ಕಾಂಪ್ಲೆಕ್ಸ್' ಅಂದರೆ ಸಂಕೀರ್ಣ ಲಿಪಿ. (ಕರ್ನಾಟಕ ಏಷ್ಯಾದಲ್ಲಿ ಇಲ್ಲವಾ ಅಂತ ಕೇಳಬೇಡಿ.) ಪ್ರತಿ ಖಾನೆಗೂ ಬೇರೆ ಫಾಂಟ್, ಬೇರೆ ಅಳತೆ, ಬೇರೆ ಬೋಲ್ಡ್. ಶೀರ್ಷಿಕೆಯ ಸ್ಟೈಲ್‌ನಲ್ಲಿ ಅಳತೆ 18 ಅಂತ ಪಾಶ್ಚಾತ್ಯ ಖಾನೆಯಲ್ಲಿ ಕೊಟ್ಟು ಬಂದಿರಿ ಅನ್ನಿ, ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ ಕದಲುವುದಿಲ್ಲ. ಸಂಕೀರ್ಣ ಲಿಪಿಯ ಖಾನೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಅದಕ್ಕೆ ಟಿಕ್ ಹಾಕುವವರೆಗೆ ಕಾಣದೇ ಇರುವುದೂ ಉಂಟು. ಒಳಗಿನ ವ್ಯವಸ್ಥೆಗೆ ಕಾರಣ ಇದೆ. ಆದರೆ ಮದುವೆ ಕರೆಯೋಲೆ ಟೈಪ್ ಮಾಡುತ್ತಿರುವವರಿಗೆ ಆ ಕಾರಣ ಕಟ್ಟಿಕೊಂಡು ಏನಾಗಬೇಕು? ಇದು ಅಪ್ಪಟ ಬಳಕೆಯ ತೊಡಕು. ಯಾವ ಕೆಲಸ ಮಾಡಲು ಹೋಗಿ, ಯಾವ ಖಾನೆಯಲ್ಲಿ ಏನು ಬದಲಿಸಿ, ಏನು ಕಾಣಲಿಲ್ಲ ಅಂತ ಬರೆದರೆ ವಿನ್ಯಾಸ ತಂಡಕ್ಕೆ ಬೇಕಾದ್ದು ಅದೇ.

ಇಲ್ಲಿ ಒಂದು ಲಾಭವೂ ಇದೆ. 2017ರ ಫೆಬ್ರುವರಿಯಲ್ಲಿ ಬಂದ ಲಿಬ್ರೆ ಆಫೀಸ್ 5.3ರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್‌ದು. ಪರ್ಷಿಯನ್‌ನಲ್ಲಿ ಹರ್ಫ್ ಅಂದರೆ ಅಕ್ಷರ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲೂ ಇದೇ ಎಂಜಿನ್ ಇದೆ. ದೋಷ ಅಲ್ಲಿದ್ದು ಅಲ್ಲಿ ಸರಿಯಾದರೆ, ನೀವು ರೈಟರ್‌ನಲ್ಲಿ ಕಂಡ ಒಂದು ಒತ್ತಕ್ಷರದ ತಪ್ಪು ಮುಂದೆ ಇನ್ನೊಬ್ಬರ ಫೋನಿನಲ್ಲೂ ಸರಿಹೋಗುತ್ತದೆ.

ಕಡತ ಕೊಡುವ ಮುನ್ನ

ವರದಿಯ ಜೊತೆ ಮಾದರಿ ಕಡತ ಕೊಟ್ಟರೆ ತುಂಬ ಉಪಕಾರ. ಆದರೆ ನೆನಪಿರಲಿ, ಬಗ್‌ಜಿಲ್ಲಾದಲ್ಲಿ ಹಾಕಿದ್ದು ಲೋಕಕ್ಕೆಲ್ಲ ಕಾಣುತ್ತದೆ. ಸಂಬಳದ ಪಟ್ಟಿ, ಗ್ರಾಹಕರ ವಿಳಾಸ, ಆಧಾರ್ ನಂಬರ್ ಇರುವ ಕಡತವನ್ನು ಅವಸರದಲ್ಲಿ ಹಾಕಿಬಿಟ್ಟರೆ ಆಮೇಲೆ ತೆಗೆಸುವುದು ತಲೆನೋವು. ಹೊಸ ಕಡತ ಮಾಡಿ ಅದರಲ್ಲಿ 'ಅಆಇಈ' ತುಂಬಿ, ಅದೇ ತೊಂದರೆ ಬರುತ್ತದಾ ನೋಡಿ. ಸಾಮಾನ್ಯವಾಗಿ ಬರುತ್ತದೆ. ಸ್ಕ್ರೀನ್‌ಶಾಟ್‌ನಲ್ಲೂ ಅಷ್ಟೇ, ಮೂಲೆಯಲ್ಲಿ ತೆರೆದಿರುವ ಇನ್ನೊಂದು ಕಿಟಕಿ, ಎಡಗಡೆ ಮೇಲ್‌ಗಳ ಸಾಲು, ಎಲ್ಲ ಕಣ್ಣಾಡಿಸಿ. ಥಂಡರ್‌ಬರ್ಡ್‌ಗಾದರೆ ಖಾಲಿ ಪ್ರೊಫೈಲ್ ಒಂದನ್ನು ಮಾಡಿಕೊಂಡು ಅದರಲ್ಲಿ ಪರೀಕ್ಷಿಸುವುದು ಉತ್ತಮ. ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ಐಟಿಯವರನ್ನು ಒಂದು ಮಾತು ಕೇಳಿ.

ಕಳಿಸಿದ ಮೇಲೆ

ಇಲ್ಲಿ ಕಸ್ಟಮರ್ ಕೇರ್ ಇಲ್ಲ, 24 ಗಂಟೆಯಲ್ಲಿ ಉತ್ತರಿಸುತ್ತೇವೆ ಅನ್ನುವ ಮಾತಿಲ್ಲ. ಥಂಡರ್‌ಬರ್ಡ್ ನಡೆಯುವುದು ಬಹುಪಾಲು ಬಳಕೆದಾರರ ದೇಣಿಗೆಯಿಂದ. ಲಿಬ್ರೆ ಆಫೀಸ್ 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದದ್ದು. ಜರ್ಮನಿಯ ಒಂದು ಪ್ರತಿಷ್ಠಾನ, ಕೆಲವು ಕಂಪನಿಗಳು, ಜೊತೆಗೆ ಬಿಡುವಿನಲ್ಲಿ ದುಡಿಯುವ ಜನ ಸೇರಿ ಅದನ್ನು ನಡೆಸುತ್ತಾರೆ. ನಿಮ್ಮ ವರದಿ ಮೊದಲು 'ಖಚಿತವಾಗಿಲ್ಲ' ಎಂಬ ಸ್ಥಿತಿಯಲ್ಲಿ ಇರುತ್ತದೆ. ಬೇರೆ ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿ ನೋಡಿ 'ಹೌದು' ಅಂದರೆ ಮುಂದಕ್ಕೆ ಹೋಗುತ್ತದೆ. 'ಮಾಹಿತಿ ಬೇಕು' ಅಂತ ಬಂದರೆ ಬೇಗ ಉತ್ತರಿಸಿ, ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ಮುಚ್ಚಿಬಿಡಬಹುದು. 'ಡೂಪ್ಲಿಕೇಟ್' ಅಂತ ಬಂದರೆ ಬೇಸರ ಬೇಡ, ಹಳೆಯ ದೂರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. 'ಸರಿಪಡಿಸುವುದಿಲ್ಲ' ಅಂತಲೂ ಬರಬಹುದು. ಬಳಕೆಯ ವಿಷಯದಲ್ಲಿ ಇದು ಸ್ವಲ್ಪ ಹೆಚ್ಚೇ, ಯಾಕೆಂದರೆ ನಿಮಗೆ ತೊಡಕಾದ ಬಟನ್ ಇನ್ನೊಬ್ಬರಿಗೆ ಹತ್ತು ವರ್ಷದ ಅಭ್ಯಾಸ. ಹೊಸ ಸಾಕ್ಷಿ ಇದ್ದರೆ ವಾದಿಸಿ, ಕೋಪ ಮಾತ್ರ ಇದ್ದರೆ ಬಿಟ್ಟುಬಿಡಿ.

'ಮೊದಲು ಸರಿ ಇತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು' ಅನ್ನುವ ವರದಿಗೆ ಬೆಲೆ ಹೆಚ್ಚು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಆರಿಹೋದರೆ ಒಂದೊಂದೇ ಬಲ್ಬ್ ನೋಡುತ್ತಾ ಹೋಗಲ್ಲ, ಅರ್ಧಕ್ಕೆ ಹಿಡಿದು ತೊಂದರೆ ಈಚೆಗೋ ಆಚೆಗೋ ನೋಡಿ, ಆ ಅರ್ಧದಲ್ಲಿ ಮತ್ತೆ ಅರ್ಧ ಮಾಡುತ್ತಾರಲ್ಲ, ಹಾಗೆ. ಲಿಬ್ರೆ ಆಫೀಸ್‌ನವರು ಹಳೆಯ ಆವೃತ್ತಿಗಳ ಸಿದ್ಧ ಕಟ್ಟುಗಳನ್ನು ಸಾಲಾಗಿ ಇಟ್ಟಿದ್ದಾರೆ. 1000 ಇದ್ದರೆ 10 ಸಲ ಅರ್ಧ ಮಾಡಿದರೆ ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಸಿಕ್ಕಿಬಿಡುತ್ತದೆ. ಇದನ್ನು 'ಬಿಬೈಸೆಕ್ಟ್' ಅನ್ನುತ್ತಾರೆ. ಒಂದಿಷ್ಟು ಕಮಾಂಡ್ ಟೈಪ್ ಮಾಡಲು ಅಂಜದವರು ಕೋಡ್ ಬಾರದಿದ್ದರೂ ಮಾಡಬಹುದು.

ಕಾಯುವುದು ಎಷ್ಟು ದಿನ? ಹೇಳೋಕಾಗಲ್ಲ. ಕೆಲವು ವಾರದಲ್ಲಿ ಆಗುತ್ತವೆ. ಫೈರ್‌ಫಾಕ್ಸ್‌ನಲ್ಲಿ ಮೌಸ್ ಇಟ್ಟಾಗ ಬರುವ ಪುಟ್ಟ ವಿವರಣೆ, ಬೇರೆ ತಂತ್ರಾಂಶಕ್ಕೆ ಹೋದ ಮೇಲೂ ಅದರ ಮೇಲೆಯೇ ತೇಲುತ್ತಾ ಉಳಿಯುವ ಬಗ್ ಒಂದಿತ್ತು. 2002ರಲ್ಲಿ ದಾಖಲಾಗಿದ್ದು 2023ರಲ್ಲಿ ಸರಿಯಾಯಿತು. ಮಗು ಹುಟ್ಟಿ ಡಿಗ್ರಿ ಮುಗಿಸುವಷ್ಟು ಕಾಲ. ಅಷ್ಟು ವರ್ಷವೂ ಆ ವರದಿ ತೆರೆದೇ ಇತ್ತು.

ಸ್ವಂತ ದೂರು ಇಲ್ಲದಿದ್ದರೂ ಶನಿವಾರ ಅರ್ಧ ಗಂಟೆ ಬಿಡುವಿದ್ದರೆ 'ಖಚಿತವಾಗಿಲ್ಲ' ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಮಾಡಿ ನೋಡಿ. ಆಯಿತಾ, ಆಗಲಿಲ್ಲವಾ, ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ ಅಂತ ಎರಡು ಸಾಲು ಬರೆಯಿರಿ. ಕನ್ನಡ ಅಥವಾ ಇತರ ಭಾರತೀಯ ಲಿಪಿಗಳ ಬಗ್ಗೆ ಇರುವುದನ್ನು ಹುಡುಕಿ ಹಿಡಿದರೆ ಇನ್ನೂ ಚೆನ್ನ.

ಒಂದು ದಿನ ನಿಮ್ಮ ವರದಿಯ ಸ್ಥಿತಿ 'ಸರಿಯಾಗಿದೆ' ಅಂತ ಬದಲಾದ ಮೇಲ್ ಬರುತ್ತದೆ. ಅಲ್ಲಿಗೆ ಬಿಡಬೇಡಿ. ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು ನಿಮ್ಮ ಮಾಮೂಲಿ ಆವೃತ್ತಿಯ ಪಕ್ಕದಲ್ಲೇ ಹಾಕಿಕೊಂಡು, ಮೊದಲು ಬರೆದ ಅದೇ ಹೆಜ್ಜೆಗಳನ್ನು ಮತ್ತೊಮ್ಮೆ ಮಾಡಿ, ಆ ಆವೃತ್ತಿಯ ಸಂಖ್ಯೆ ಸಮೇತ ಏನಾಯಿತು ಅಂತ ಬರೆಯಿರಿ.